ಯಜಮಾನರು ಟ್ಯಾಂಕಿಗಿಳಿದ ಪ್ರಸಂಗ

ನಡುವಿನ ಎತ್ತರದ ಕುರ್ಚಿಯಲ್ಲಿ ಆಸೀನರಾಗಿರುವ ಮಾನ್ಯ ಅಧ್ಯಕ್ಷರೇ, ಅವರ ಬಲಕ್ಕಿರುವ ಮುಖ್ಯ ಅತಿಥಿಗಳಾದ ಸುರಕ್ಷತಾ ಅಧಿಕಾರಿಗಳೇ, ಎಡಕ್ಕೆ ಕುಳಿತು ನನ್ನ ಕೈಯಲ್ಲಿರುವ ಹಾಳೆಯನ್ನೇ ನೋಡುತ್ತಿರುವ ಮ್ಯಾನೇಜರ್ ಸಾಹೇಬರೇ, ಮುಂದಿನ ಸಾಲಿನ ಮೆತ್ತನೆ ಕುರ್ಚಿಯ ಗಣ್ಯರೇ, ಹಿಂದಿನ ಸಾಲಿನ ಗಟ್ಟಿ ಬೆಂಚಿನ ಕಾರ್ಮಿಕ ಬಂಧುಗಳೇ, ಭಾಷಣ ಮುಗಿದರೆ ಊಟ ಎಂದು ನಂಬಿ ಕುಳಿತಿರುವ ಮಕ್ಕಳೇ, ಮತ್ತು ಇಲ್ಲಿ ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ವಿರಾಜಮಾನರಾಗಿರುವ ಯಜಮಾನರೇ, ಸಭಿಕರೇ,

ಯಜಮಾನರು ಎಂದರೆ ಈ ರೋಬೋಟ್. ಊಟದ ಡಬ್ಬಿಯಷ್ಟು ಗಾತ್ರ, ಎರಡು ಮೋಟರು, ಎರಡು ಕಡೆ ಯುದ್ಧದ ಟ್ಯಾಂಕಿಗಿರುವಂಥ ಪಟ್ಟಿ. ತಲೆಯ ಮೇಲೆ ಒಂದು ದೀಪ, ಒಂದು ಕ್ಯಾಮೆರಾ. ಮೂತಿಗೆ ಕೆಸರು ತಳ್ಳುವ ಒಂದು ತಗಡು. ಹವ್ಯಾಸಕ್ಕೆಂದು ಮಾರುವ ಕಿಟ್ಟಿನಿಂದ ನಾನು ಜೋಡಿಸಿದ್ದು. ಹೆಸರಿಟ್ಟವನು ನನ್ನ ಅಣ್ಣ. "ಎಲ್ರೂ ಸೇರಿ ಇದನ್ನ ಎತ್ಕೊಂಡು ಓಡಾಡ್ಬೇಕು. ಇದು ಮಾತ್ರ ಒಂದು ಕಡ್ಡಿ ಎತ್ತಿ ಆ ಕಡೆ ಇಡಲ್ಲ. ಸದ್ದು ನೋಡಿದ್ರೆ ಊರಿಗೆಲ್ಲ ಕೇಳ್ಸುತ್ತೆ. ಯಜಮಾನ್ರಲ್ದೆ ಇನ್ನೇನೋ ಇದು?" ಎಂದಿದ್ದ. ನಮ್ಮ ಮನೆಯಲ್ಲಿ ಆ ಹುದ್ದೆ ಖಾಲಿಯಿದ್ದುದರಿಂದ ಯಾರೂ ಆಕ್ಷೇಪಿಸಲಿಲ್ಲ.

ಇಂಥ ಯಜಮಾನರಿಗೆ ಇಂದು ಸನ್ಮಾನ. ಯಾಕೆ? ನಿಮಗೆಲ್ಲ ಗೊತ್ತು, ಆದರೂ ಗೊತ್ತಿರುವುದನ್ನೇ ಮತ್ತೆ ಹೇಳದಿದ್ದರೆ ಅದು ಭಾಷಣವೇ ಆಗುವುದಿಲ್ಲ. ಈ ಚರ್ಮ ಹದಮಾಡುವ ಕಾರ್ಖಾನೆಯ ಕೊಳಚೆ ಟ್ಯಾಂಕಿಗೆ ಕಳೆದ ವರ್ಷದಿಂದ ಬೀಗ ಬಿದ್ದಿದೆ. ಒಳಗೆ ಮನುಷ್ಯರು ಇಳಿಯಕೂಡದು, ಯಂತ್ರ ಇಳಿಯಬೇಕು ಎಂದು ಇದೇ ಅಧಿಕಾರಿಗಳು ಆದೇಶ ಮಾಡಿದ್ದಾರೆ. ಇಂದು ಅವರು ಯಜಮಾನರನ್ನು ನೋಡಿ ಸರಿ ಎಂದರೆ ನಾಳೆ ಬೀಗ ತೆರೆಯುತ್ತದೆ. ಅರ್ಧಕ್ಕೆ ನಿಂತಿರುವ ಕಾರ್ಖಾನೆ ಪೂರ್ತಿ ಓಡುತ್ತದೆ. ಮನೆಯಲ್ಲಿ ಕುಳಿತಿರುವವರು ಕೆಲಸಕ್ಕೆ ಬರುತ್ತಾರೆ. ಎಲ್ಲರಿಗೂ ಸಂತೋಷ. ನನಗೊಂದು ಫಲಕ.

ನಾನು ಏನು ಮಾತಾಡಬೇಕೆಂದು ಮ್ಯಾನೇಜರ್ ಸಾಹೇಬರು ದಯಮಾಡಿ ಬರೆದುಕೊಟ್ಟಿದ್ದಾರೆ. "ಮಾನವನ ಜಾಣ್ಮೆಯ ಮುಂದೆ ಅಪಾಯವು ತಲೆಬಾಗಿ ನಿಂತಿದೆ" ಎಂದು ಆರಂಭವಾಗುತ್ತದೆ. ಎಂಥ ವಾಕ್ಯ! ನಾನಾಗಿ ಬರೆದಿದ್ದರೆ ಅಪಾಯಕ್ಕೆ ತಲೆ ಇದೆ ಎಂದೇ ನನಗೆ ಹೊಳೆಯುತ್ತಿರಲಿಲ್ಲ.

ಬೆಳಿಗ್ಗೆ ನನ್ನ ಭಾವ, ಅಂದರೆ ಅಕ್ಕನ ಗಂಡ, ಕನ್ನಡಿ ಮುಂದೆ ನಿಂತು ಗಡ್ಡ ಹೆರೆದುಕೊಳ್ಳುತ್ತ ಹೇಳಿದರು: "ನೋಡಪ್ಪ ಮಹಾನುಭಾವ, ಕೊಟ್ಟಿದ್ದನ್ನ ಓದು, ಫಲಕ ಇಸ್ಕೊ, ಇಳಿದು ಬಾ. ನಿನ್ನ ಕೋತಿಚೇಷ್ಟೆಯಿಂದ ನನ್ನ ಕೆಲಸಕ್ಕೆ ಸಂಚಕಾರ ಬಂದ್ರೆ ನಿಮ್ಮಕ್ಕ ನಿನ್ನ ತಲೆ ಮೇಲೆ ಕುದಿಯೋ ನೀರು ಸುರೀತಾಳೆ." ಅಡುಗೆಮನೆಯಿಂದ ಅಕ್ಕ, "ಒಲೆ ಮೇಲೆ ಇಟ್ಟಾಗಿದೆ!" ಎಂದಳು. ಸಭಿಕರೇ, ನನ್ನ ಮನೆಯವರ ಪ್ರೋತ್ಸಾಹ ಈ ರೀತಿಯದು.

ಆದ್ದರಿಂದ ಹಾಳೆಯನ್ನು ಓದುತ್ತೇನೆ. ಖಂಡಿತ ಓದುತ್ತೇನೆ. ಅದಕ್ಕೆ ಮೊದಲು ಯಜಮಾನರ ಜೀವನಚರಿತ್ರೆ ಹೇಳದಿದ್ದರೆ ಅವರಿಗೆ ಅವಮಾನ.

ಕಿಟ್ಟನ್ನು ನಾನು ತಂದದ್ದು ಲೋಕಕಲ್ಯಾಣಕ್ಕಲ್ಲ. ನಮ್ಮ ತಾಂತ್ರಿಕ ಶಾಲೆಯಲ್ಲಿ ಗುರುಗಳ ಕೋಣೆಯೊಳಕ್ಕೆ ಬಾಗಿಲ ಸಂದಿಯಿಂದ ನುಗ್ಗಿಸಿ, ಅವರು ಬೆಂಚು ಹತ್ತುವುದನ್ನು ಕಣ್ಣಾರೆ ನೋಡಬೇಕೆಂಬ ಶೈಕ್ಷಣಿಕ ಉದ್ದೇಶವಿತ್ತು. ನಡುಮನೆಯ ನೆಲದ ಮೇಲೆ ತಟ್ಟೆಯೊಂದನ್ನಿಟ್ಟು, ಅದರಲ್ಲಿ ಸ್ಕ್ರೂಗಳನ್ನು ಸುರಿದು ಕುಳಿತೆ. ಕೆಲಸದಿಂದ ಬಂದ ಅಣ್ಣ ಮೂರು ಸಲ ಸೋಪು ಹಾಕಿ ಕೈ ತೊಳೆದು ಪಕ್ಕಕ್ಕೆ ಬಂದು ಕೂತ. ಅವನು ಇದೇ ಕೊಳಚೆ ಟ್ಯಾಂಕಿನ ಕೆಲಸದವನು. ಸುಣ್ಣ, ಉಪ್ಪು, ಇನ್ನೂ ಏನೇನೋ ಕುಡಿದ ನೀರಿನಲ್ಲಿ ಕೈಯಾಡಿಸಿ ಅವನ ಬೆರಳ ತುದಿಯ ಚರ್ಮ ಸುಲಿದು ನುಣ್ಣಗಾಗಿತ್ತು. ಸಣ್ಣ ಸ್ಕ್ರೂ ಹಿಡಿದರೆ ಹಿಡಿದದ್ದೇ ತಿಳಿಯುತ್ತಿರಲಿಲ್ಲ. "ಸಣ್ಣದೆಲ್ಲ ನೀನು ನೋಡ್ಕೊ, ದೊಡ್ಡದು ನಂಗೆ ಬಿಡು" ಎಂದು ಪಟ್ಟಿಯ ಕೊಂಡಿಗಳನ್ನು ಎತ್ತಿಕೊಂಡ.

ಈ ಪಟ್ಟಿ ಇಡಿಯಾಗಿ ಬರುವುದಿಲ್ಲ. ಒಂದು ಕೊಂಡಿಗೆ ಇನ್ನೊಂದು ಕೊಂಡಿ ಒತ್ತಿ ಕೂರಿಸಬೇಕು. ಒಂದು ಹೆಚ್ಚಾದರೆ ಪಟ್ಟಿ ಜೋಲುತ್ತದೆ, ತಿರುವಿನಲ್ಲಿ ಕಳಚಿ ಬೀಳುತ್ತದೆ. ಒಂದು ಕಡಿಮೆಯಾದರೆ ಬಿಗಿಯುತ್ತದೆ, ಮೋಟರು ನರಳಿ ಸುಡುತ್ತದೆ. ಅಣ್ಣ ನಾಲಗೆ ಕಚ್ಚಿಕೊಂಡು ಒಂದೊಂದನ್ನೇ ಟಕ್ ಎನಿಸಿ ಕೂರಿಸಿ, ಬೆರಳಲ್ಲಿ ಒತ್ತಿ ನೋಡಿ, "ಮಂಚದ ಹಗ್ಗದ ಹಂಗಿರ್ಬೇಕು. ಕೂತ್ರೆ ಕುಗ್ಗಬೇಕು, ಮುರೀಬಾರ್ದು" ಎನ್ನುತ್ತಿದ್ದ. ನಾನು ಗೇರು ಪೆಟ್ಟಿಗೆಗಳನ್ನು ಕಟ್ಟಿದೆ. ಎಡಕ್ಕೊಂದು, ಬಲಕ್ಕೊಂದು. ಕನ್ನಡಿಯಲ್ಲಿ ಕಂಡಂತೆ ಎದುರುಬದುರು ಇರಬೇಕಾದ ಅವನ್ನು ಇಬ್ಬರೂ ಎಡಚರಾಗುವಂತೆ ಕಟ್ಟಿದ್ದೆ. ಬ್ಯಾಟರಿ ಕೊಟ್ಟ ಕೂಡಲೇ ಒಂದು ಪಟ್ಟಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಯಜಮಾನರು ನಿಂತಲ್ಲೇ ಬುಗುರಿಯಂತೆ ತಿರುಗಿದರು. ಅಣ್ಣ ಗೋಡೆಗೊರಗಿ ಕಣ್ಣಲ್ಲಿ ನೀರು ಬರುವಂತೆ ನಕ್ಕ. "ನಮ್ ಮೇಸ್ತ್ರಿ ಕಣೋ ಇದು! ದಿನವಿಡೀ ಸುತ್ತುತ್ತೆ, ಎಲ್ಲಿಗೂ ಹೋಗಲ್ಲ!" ಮೇಸ್ತ್ರಿಗಳು ಸಭೆಯಲ್ಲಿದ್ದಾರೆ, ಕ್ಷಮಿಸಬೇಕು. ಅದು ನನ್ನ ಮಾತಲ್ಲ, ಮೃತರ ಮಾತು.

ಹೌದು. ನನ್ನ ಅಣ್ಣ ಆ ಟ್ಯಾಂಕಿನಲ್ಲೇ ಸತ್ತ. ಈ ಹಾಳೆಯಲ್ಲಿ ಅದನ್ನು "ಕಳೆದ ವರ್ಷದ ದುರದೃಷ್ಟಕರ ಘಟನೆ" ಎಂದು ಬರೆದಿದೆ. ಘಟನೆ ಏನು? ಬೆಳಿಗ್ಗೆ ಮುಚ್ಚಳ ತೆರೆದಿಟ್ಟು, ಗಾಳಿ ಆಡಲು ಬಿಟ್ಟು, ಆಮೇಲೆ ಇಳಿದು ಕೆಲಸ ಮುಗಿಸಿ ಎಲ್ಲರೂ ಮೇಲೆ ಬಂದಿದ್ದರು. ಮುಚ್ಚಳ ಹಾಕಿ ಊಟಕ್ಕೆ ಹೋದರು. ಊಟವಾದ ಮೇಲೆ ನೋಡಿದರೆ ಒಂದು ಸಲಿಕೆ ಒಳಗೇ ಉಳಿದಿದೆ. ಮೇಸ್ತ್ರಿ, "ಇಳಿದು ತಗೊಂಡ್ ಬಾ. ಒಂದು ನಿಮಿಷದ ಕೆಲಸ" ಎಂದರು. ಅಣ್ಣ ಇಳಿದ. ಹೊರತೆಗೆದಾಗ ಸಲಿಕೆಯ ಹಿಡಿ ಅವನ ಕೈಯಲ್ಲೇ ಇತ್ತು.

ಆ ಟ್ಯಾಂಕಿನಲ್ಲಿ ಒಂದು ಅನಿಲ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ. ವಾಸನೆ ಇರುವಷ್ಟು ಹೊತ್ತು ಮನುಷ್ಯ ಮೂಗು ಮುಚ್ಚಿಕೊಂಡು ಓಡುತ್ತಾನೆ, ಬದುಕುತ್ತಾನೆ. ಅನಿಲ ತುಂಬ ಹೆಚ್ಚಾದರೆ ಅದು ಮೊದಲು ಮೂಗನ್ನೇ ಕೊಲ್ಲುತ್ತದೆ. ಆಗ ಯಾವ ವಾಸನೆಯೂ ತಿಳಿಯುವುದಿಲ್ಲ. ಎಲ್ಲ ಸರಿಯಿದೆ ಅನ್ನಿಸುತ್ತದೆ. ಇದನ್ನು ನಾನು ಅಣ್ಣ ಸತ್ತ ಮೇಲೆ ಓದಿ ತಿಳಿದುಕೊಂಡೆ. ಪರೀಕ್ಷೆಗೆಂದು ಎಂದೂ ಓದದವನು ಅದನ್ನು ಮಾತ್ರ ಬಾಯಿಪಾಠ ಮಾಡಿದೆ.

ಆಮೇಲೆ ಯಜಮಾನರನ್ನು ಅಟ್ಟದಿಂದ ಇಳಿಸಿ, ಗೇರು ಪೆಟ್ಟಿಗೆ ತಿರುಗಿಸಿ ಕಟ್ಟಿ, ದೀಪ ಕ್ಯಾಮೆರಾ ಕೂರಿಸಿದೆ. ಮನುಷ್ಯನ ಬದಲು ಯಂತ್ರ ಎಂದು ಈ ಕಾರ್ಖಾನೆಯವರು ನಡೆಸಿದ ಸ್ಪರ್ಧೆಗೆ ತಂದೆ. ನಿಮಗೆ ನಗು ಬರಬಹುದು, ಊಟದ ಡಬ್ಬಿಯಷ್ಟಿರುವುದು ಲಾರಿಗಟ್ಟಲೆ ಕೆಸರನ್ನು ತಳ್ಳೀತೇ? ಇದು ಬರೀ ಮಾದರಿ, ದೊಡ್ಡದನ್ನು ಮಾಡಿಸಬೇಕು ಎಂದು ನಾನೇ ಹೇಳಿದ್ದೆ. "ಮಾದರಿಯೇ ಸಾಕಪ್ಪ, ತೋರ್ಸೋಕೆ" ಎಂದರು ಸಾಹೇಬರು. ಅವರ ವಿನಯ ದೊಡ್ಡದು.

ಈಗ ವಿಡಿಯೊಗೆ ಬರೋಣ. ಸ್ವಲ್ಪ ಹೊತ್ತಿನ ಮುಂಚೆ ಈ ಗೋಡೆಯ ಮೇಲೆ ಎಲ್ಲರೂ ನೋಡಿದಿರಿ. ಅದನ್ನು ತೆಗೆಯಲೆಂದೇ ಒಂದು ದಿನದ ಮಟ್ಟಿಗೆ ಟ್ಯಾಂಕಿನ ಬೀಗ ತೆರೆದಿದ್ದರು. ಯಜಮಾನರು ಹಗ್ಗದಲ್ಲಿ ಇಳಿದರು, ಕೆಸರಿನ ಮೇಲೆ ಗಂಭೀರವಾಗಿ ನಾಲ್ಕು ಮಾರು ಹೋದರು. ಚಪ್ಪಾಳೆ. ಅಲ್ಲಿಗೆ ವಿಡಿಯೊ ಮುಗಿಯಿತು. ನಾಟಕದಲ್ಲಾದರೂ ಪರದೆ ಬಿದ್ದ ಮೇಲೆ ಪಾತ್ರಧಾರಿಗಳು ಮನೆಗೆ ಹೋಗುತ್ತಾರೆ. ಯಜಮಾನರು ಮೇಲಕ್ಕೆ ಹೇಗೆ ಬಂದರು ಎಂದು ನಿಮ್ಮಲ್ಲಿ ಒಬ್ಬರಾದರೂ ಕೇಳಿದಿರಾ?

ಹೇಳುತ್ತೇನೆ. ನಾಲ್ಕು ಮಾರು ಹೋದ ಮೇಲೆ ತಿರುಗಿಸಿದೆ. ಸಡಿಲಾಗಿದ್ದ ಹಗ್ಗ ಹಲ್ಲುಗಾಲಿಗೆ ಸುತ್ತಿಕೊಂಡಿತು. ಕೊಂಡಿಗಳ ನಡುವೆ ಕೆಸರು ತುಂಬಿ ಪಟ್ಟಿ ಕಳಚಿತು. ಯಜಮಾನರು ಒಂದು ಪಕ್ಕಕ್ಕೆ ಮಲಗಿಬಿಟ್ಟರು. ಎಳೆದೆವು. ಹಗ್ಗ ಬಿಗಿಯಾಯಿತೇ ಹೊರತು ಅವರು ಏಳಲಿಲ್ಲ. ಸಾಹೇಬರು ಗಡಿಯಾರ ನೋಡಿಕೊಂಡರು. ಮೇಸ್ತ್ರಿ, "ಯಾರಾದ್ರೂ ಇಳಿದು ತಗೊಂಡ್ ಬರ್ರೋ. ಒಂದು ನಿಮಿಷದ ಕೆಲಸ" ಎಂದರು. ಹೆಸರು ಹಿಡಿದು ಯಾರನ್ನೂ ಕರೆಯಲಿಲ್ಲ. ಸುಮ್ಮನೆ ಸುತ್ತ ನೋಡಿದರು. ಅಣ್ಣನ ಕೆಲಸ ಸಿಕ್ಕಿದ್ದು ಭಾವನಿಗೆ. ಭಾವ ಚಪ್ಪಲಿ ಬಿಟ್ಟರು.

"ಬೇಡ ಭಾವ, ಅದು ಹಾಳಾಗಿ ಹೋಗ್ಲಿ, ಇನ್ನೊಂದು ಕಟ್ತೀನಿ" ಎಂದೆ.

"ಸುಮ್ನಿರೋ, ಸಾಹೇಬ್ರು ನಿಂತಿದಾರೆ" ಎಂದು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಇಳಿದರು.

ಮೇಲೆ ಬಂದಾಗ ಅವರ ಕಣ್ಣು ಕೆಂಪಗಿತ್ತು. ಯಜಮಾನರನ್ನು ಮಗುವಿನಂತೆ ಎದೆಗೊತ್ತಿಕೊಂಡಿದ್ದರು. "ತಗೊಳ್ಳಪ್ಪ ನಿನ್ನ ಯಜಮಾನ್ರನ್ನ. ಸ್ನಾನ ಮಾಡ್ಸು" ಎಂದು ನಕ್ಕರು. ಎಲ್ಲರೂ ನಕ್ಕರು. ಆಮೇಲೆ ಭಾವ ಪಂಪ್ ಮನೆಯ ಹಿಂದೆ ಹೋಗಿ ಗೋಡೆ ಹಿಡಿದು ವಾಂತಿ ಮಾಡಿಕೊಂಡರು. ನಾನು ಬೆನ್ನು ಸವರುತ್ತಿದ್ದೆ. ಬಾಯಿ ಒರೆಸಿಕೊಂಡು ಅವರು ಹೇಳಿದ ಮಾತು ಕೇಳಿ ಸಭಿಕರೇ:

"ಸುಮ್ನೆ ಹೆದರ್ತಿದ್ದೆ ಕಣೋ. ಮೇಲಿಂದ ಇಳಿಯುವಾಗ ಸ್ವಲ್ಪ ನಾತ ಇತ್ತು. ತಳಕ್ಕೆ ಹೋದ್ಮೇಲೆ ವಾಸನೇನೇ ಇರ್ಲಿಲ್ಲ."

ಇಷ್ಟೇ ಯಜಮಾನರ ಜೀವನಚರಿತ್ರೆ.

ಮುಖ್ಯ ಅತಿಥಿಗಳೇ, ಕೆಸರಿನಲ್ಲಿ ಸಿಕ್ಕಿಕೊಳ್ಳದ ಪಟ್ಟಿ ಇಲ್ಲ. ನಾನು ಕಟ್ಟಿದರೂ ಸಿಕ್ಕಿಕೊಳ್ಳುತ್ತದೆ, ನನಗಿಂತ ಬುದ್ಧಿವಂತರು ಕಟ್ಟಿದರೂ ಎಂದೋ ಒಂದು ದಿನ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡ ಯಂತ್ರ ಇನ್ನೊಂದು ಸಲಿಕೆ, ಅಷ್ಟೇ. ಅದನ್ನು ತರಲು ಯಾರು ಇಳಿಯುತ್ತಾರೆ? ನಿಮ್ಮ ಆದೇಶದಲ್ಲಿ ಅದಕ್ಕೆ ಉತ್ತರವಿಲ್ಲ. ನಮ್ಮ ಮನೆಯಲ್ಲಿದೆ.

ಸಾಹೇಬರೇ, ಮೈಕಿನವರಿಗೆ ಸನ್ನೆ ಮಾಡುತ್ತಿದ್ದೀರಿ, ಕಾಣುತ್ತಿದೆ. ಮುಗಿಸಿಬಿಟ್ಟೆ.

ಅಧಿಕಾರಿಗಳೇ, ನೀವು ನನ್ನನ್ನು ನಂಬಬೇಡಿ. ಯಾರೂ ನಂಬುವುದಿಲ್ಲ. ಶಾಲೆಯ ಗಂಟೆಯ ನಾಲಗೆಗೆ ಕಾಲುಚೀಲ ತೊಡಿಸಿದವನು ನಾನು. ಬದುಕಿರುವ ಮುಖ್ಯೋಪಾಧ್ಯಾಯರಿಗೆ ಶ್ರದ್ಧಾಂಜಲಿ ಸಭೆಯ ಫಲಕ ಬರೆದು ಗೇಟಿಗೆ ತೂಗುಹಾಕಿದವನೂ ನಾನೇ. ಇದೂ ಅಂಥದ್ದೇ ಒಂದು ಕುಚೇಷ್ಟೆ ಎಂದು ಇನ್ನರ್ಧ ಗಂಟೆಯಲ್ಲಿ ನಿಮಗೆ ಹೇಳಲಾಗುತ್ತದೆ. ಅನಿಲ ಅಳೆಯುವ ಉಪಕರಣ ನಿಮ್ಮ ವಾಹನದಲ್ಲೇ ಇರಬೇಕು. ಅದನ್ನು ಹಗ್ಗಕ್ಕೆ ಕಟ್ಟಿ ಆ ಟ್ಯಾಂಕಿನ ತಳಕ್ಕೆ ಇಳಿಬಿಡಿ. ಊಟಕ್ಕೆ ಮೊದಲು. ಅದಕ್ಕೆ ಅಕ್ಕನೂ ಇಲ್ಲ, ಕೆಲಸ ಹೋಗುವ ಭಯವೂ ಇಲ್ಲ. ಅದು ಏನು ಹೇಳುತ್ತದೋ ಅದರ ಮೇಲೆ ಒಪ್ಪಿಗೆ ಕೊಡಿ ಅಥವಾ ಕೊಡಬೇಡಿ.

ನನ್ನ ಭಾವನನ್ನೂ ನೀವು ಕರೆದು ಕೇಳುತ್ತೀರಿ. ಅಗೋ, ಕೊನೆಯ ಬೆಂಚಿನಲ್ಲಿ ಎದ್ದು ನಿಂತು, ಸಾಕು ಇಳಿ ಎಂದು ಕೈಯಾಡಿಸುತ್ತಿರುವವರು ಅವರೇ. ಮಕ್ಕಳಾಣೆ ಇಟ್ಟು ಅವರು ಹೇಳುತ್ತಾರೆ, "ನಾನು ಇಳಿದೇ ಇಲ್ಲ ಸಾರ್, ಇವನು ಹುಟ್ಟಾ ಸುಳ್ಳುಗಾರ." ಅವರ ಸುತ್ತ ಕೂತವರು ಹೌದು ಎನ್ನುತ್ತಾರೆ. ಕಾರ್ಖಾನೆ ಬಾಗಿಲು ಮುಚ್ಚಿದರೆ ಅವರೆಲ್ಲರ ಮನೆಯ ಒಲೆ ಆರುತ್ತದೆ. ಅವರನ್ನು ನಾನು ದೂರುವುದಿಲ್ಲ.

ಭಾವ, ಹೇಳಿ. ನಾನು ಸುಳ್ಳುಗಾರ ಎಂದು ಈ ಸಭೆಯಲ್ಲಿ ಹೇಳಿ, ಬೀದಿಯಲ್ಲಿ ಹೇಳಿ. ಮನೆಗೆ ಬಂದು ಅಕ್ಕನ ಮುಂದೆ ಹೇಳಿ, ಬೇಕಾದರೆ ನನ್ನ ಚಾಪೆ ಸುತ್ತಿ ಹೊರಗೆ ಎಸೆಯಿರಿ. ನಾಳೆ ಹೇಳಿ, ನಾಡಿದ್ದು ಹೇಳಿ, ಮುದುಕರಾಗಿ ಹಲ್ಲು ಉದುರಿದ ಮೇಲೂ ಮೊಮ್ಮಕ್ಕಳನ್ನು ಕೂರಿಸಿಕೊಂಡು ಇದೇ ಸುಳ್ಳು ಹೇಳಿ.

ನನ್ನ ಮಾತನ್ನು ಇಲ್ಲಿಯವರೆಗೆ ಸಹಿಸಿಕೊಂಡ ನಿಮಗೆಲ್ಲ, ಮತ್ತು ಸನ್ನೆ ಕಂಡೂ ಕಾಣದಂತೆ ತಂತಿ ಕೀಳದೆ ನಿಂತಿರುವ ಮೈಕಿನ ಅಣ್ಣನವರಿಗೆ ಧನ್ಯವಾದ. ನಮಸ್ಕಾರ.