ಇಬ್ಬರು ತಗೊಂಡ ನಿಯಮ

...ಇಲ್ಲ, ಕೋಣೆಗೆ ಹೋಗ್ಬೇಡ. ಬ್ಯಾಗು ಅಲ್ಲೇ ಇಡು, ಅನಿಷಾ. ಕಾಲೇಜು ಬಸ್ಸಿಳಿದವಳು ಸೀದಾ ಎಲ್ಲಿಗೆ ಹೋದಿ? ಹೇಳು! ಅಪ್ಪನಿಗೆ ಎಂತದೂ ಗೊತ್ತಾಗುವುದಿಲ್ಲ ಅಂತ ಎಣಿಸಿದ್ದಿಯಾ?

ಹೋಟೆಲಿಗೆ! ಅಲ್ಲಿಂದ ಪೊಟ್ಟಣ ಹಿಡ್ಕೊಂಡು ಹೊರಗೆ ಬಂದದ್ದನ್ನು ನಾನೇ, ಈ ಎರಡು ಕಣ್ಣಿಂದ ನೋಡಿದ್ದೇನೆ. ಗೋಳಿಬಜೆ ತಾನೇ? ಎಣ್ಣೆ ವಾಸನೆ ಇಲ್ಲಿವರೆಗೆ ಬರ್ತಾ ಉಂಟು.

ಡಾಕ್ಟ್ರು ಹೇಳಿದ್ದು ಮರ್ತು ಹೋಯ್ತಾ? ಹತ್ತೊಂಬತ್ತು ವರ್ಷದ ಹುಡುಗಿಯ ರಕ್ತದಲ್ಲಿ ಇಷ್ಟು ಕೊಲೆಸ್ಟ್ರಾಲ್! ನಿಮ್ಮ ಮನೆತನದಲ್ಲೇ ಬಂದದ್ದು, ಈಗಲೇ ಜಾಗ್ರತೆ ಮಾಡಿ ಅಂದ್ರು. ನಿನ್ನ ಚಿಕ್ಕಪ್ಪ ಸಮ್ಮೇದ್... ವಾಲಿಬಾಲ್ ಆಡ್ತಾ ಆಡ್ತಾ ಎದೆ ಹಿಡ್ಕೊಂಡು ಬಿದ್ದವ ಮತ್ತೆ ಏಳ್ಲೇ ಇಲ್ಲ. ನಾನೇ ಎತ್ತಿದ್ದು ಅವನನ್ನು, ನಾನೇ! ನಿನಗೂ ಹಾಗಾದ್ರೆ ನಾನು ಬದುಕ್ತೇನಾ?

ಡಾಕ್ಟ್ರ ಮಾತು ನಾವು ಯಾರೂ ಕೇಳುವವರಲ್ಲ, ಆದ್ರೆ ಬಸದಿಯಲ್ಲಿ ತಗೊಂಡ ನಿಯಮ ಮುರಿಯುವುದಿಲ್ಲ. ಅದಕ್ಕೇ ಅಲ್ಲವಾ ನಿನ್ನನ್ನು ಅಲ್ಲಿಗೆ ಕರ್ಕೊಂಡು ಹೋದದ್ದು? ಕರಿದದ್ದು ಮುಟ್ಟುವುದಿಲ್ಲ, ಕತ್ತಲೆಗೆ ಮೊದಲೇ ಊಟ ಮುಗಿಸ್ತೇನೆ, ಬೆಳಿಗ್ಗೆ ಕಡಲಕೆರೆವರೆಗೆ ನಡೀತೇನೆ... ಸ್ವಾಮಿಯ ಎದುರು ಕೈಮುಗಿದು ಹೇಳಿದವಳು ನೀನು. "ಅಪ್ಪ ತಗೊಂಡ್ರೆ ಮಾತ್ರ ನಾನೂ" ಅಂದಿ. ತಗೊಂಡೆ! ಗೋಳಿಬಜೆ ಅಂದ್ರೆ ಪ್ರಾಣ ಬಿಡುವವ, ನಿನಗೋಸ್ಕರ ಬಿಟ್ಟೆ. ನಂಬಿಸಿ ಕತ್ತು ಕೊಯ್ದಿ ಅಲ್ಲಾ ಮಾರಾಯ್ತಿ!

ನಗ್ತಿಯಾ? ಅಲ್ಲ... ಅಳ್ತಾ ಇದ್ದಿಯಾ? ಅಳುವುದು ಆಮೇಲೆ. ಮೊದಲು ಉತ್ತರ ಕೊಡು.

ಯಾಕೆ ಹುಬ್ಬು ಗಂಟು ಹಾಕ್ತಿ? ನಾನು ಹೇಗೆ ನೋಡಿದೆ ಅಂತಲಾ? ರಸ್ತೆಯ ಆಚೆ ಬದಿ ನಿಂತಿದ್ದೆ, ಮೆಡಿಕಲ್ಲಿನ ಹತ್ತಿರ. ಸುಮ್ಮನೆ... ನಮ್ಮ ಅಂಗಡಿಯಲ್ಲಿ ಗಿರಾಕಿ ಇರ್ಲಿಲ್ಲ, ಪೇಪರ್ ಓದುವ ಅಂತ... ಅಲ್ಲ, ಪೇಪರ್ ತರುವ ಅಂತ ಹೋದದ್ದು! ನನ್ನನ್ನು ಎಂತ ವಿಚಾರಣೆ ಮಾಡುವುದು? ಆ ಪೊಟ್ಟಣ ಮೇಜಿನ ಮೇಲೆ ಇಡು. ಬಿಚ್ಚು. ಬಿಚ್ಚು ಅಂದೆ!

...ಇದು... ನನ್ನ ಓದುವ ಕನ್ನಡಕ.

ಹೋಟೆಲಿನ ಚಿನ್ನಯ್ಯ ಕರೆದು ಕೊಟ್ಟನಾ? ನಾನು ತಟ್ಟೆಯಲ್ಲಿ ಬಿಟ್ಟ ಬಜೆಯನ್ನೂ ಕಟ್ಟಿ ಕೊಟ್ಟನಾ? ನೀನು ಬಸ್ಸಿಳಿದದ್ದು ಕಂಡಿತು... ಹಿಂದಿನ ಬಾಗಿಲಿಂದ ಓಡಿ ರಸ್ತೆ ದಾಟಿದೆ... ಹೆದರಿಕೆಯಲ್ಲಿ ಕನ್ನಡಕದ ನೆನಪೇ ಆಗ್ಲಿಲ್ಲ ಮಗಾ.

ಇವತ್ತು ಒಂದೇ ದಿನ! ಆಣೆ... ಯಾಕೆ ತಲೆ ಅಲ್ಲಾಡಿಸ್ತಿ? ದಿನಾ ಬರ್ತೇನೆ ಅಂತ ಅದನ್ನೂ ಹೇಳಿದನಾ ಅವ?

ಬೈ, ಬೇಕಾದ್ರೆ. ಬಜೆ ಯಾಕೆ ಕೈಯಲ್ಲಿ ತಗೊಂಡಿ? ಅನಿಷಾ... ಅಪ್ಪನ ನಿಯಮ ಮುರಿದ್ರೆ ನಿನ್ನದೂ ಮುರೀತು ಅಂತಲಾ? ತಪ್ಪಿದ್ದು ನಾನು, ನೀನಲ್ಲ! ಕೆಳಗಿಡು. ಬಾಯಿಗೆ ಹಾಕ್ಬೇಡ... ಬೇಡ ಮಗಾ, ಬೇಡ!