ಹಿಂಡಿಯೊಳಗಿನ ಅಕ್ರೋಟ್

ಬಳ್ಳಾರಿಯ ಹೃದಯದ ಡಾಕ್ಟರ ಬಳಿ ಸರದಿಗಾಗಿ ಕೂತಿದ್ದ ಪಂಪಾವತಿಗೆ ಪಕ್ಕದ ಮುದುಕ, ಮುದುಕಿಯ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಎದಿಗಿ ಚಲೋ ಅಂತ ಡಾಕ್ಟ್ರು ಹೇಳಿದ ಅಕ್ರೋಟ್ ದಿನಾ ತಿಂದ್ರಿಲ್ಲ?”

“ಇಲ್ಲ. ನೆನಪಿಗೂ ಚಲೋ ಅಂದ್ರು. ನೀ ಶೇಂಗಾ ಹಿಂಡಿ ಕುಟ್ಟುವಾಗ ಕಣ್ಣು ತಪ್ಪಿಸಿ ಒರಳಿಗಿ ಹಾಕೀನಿ.”

“ಅದಕ್ಕ ರೊಟ್ಟಿಗಿ ಹಚ್ಕೊಳ್ಳೋ ಹಿಂಡಿ ಒಗರು ಆಗಿತ್ತೇನು. ನನಗ್ಯಾಕ ಅದು?”

“ಹೋದ ತಿಂಗಳು ಗಿರಣಿಗಿ ಹೋದಾಕಿ ಮನಿ ದಾರಿ ಮರ್ತಿದ್ದಿ.”

ಮುದುಕಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ನಾಳಿಂದ ನೀವೇ ತಿನ್ರಿ.”

“ನೀ ಮತ್ತ ದಾರಿ ಮರ್ತ್ರ?”

“ಕರಕೊಂಡು ಬರಾಕ ನೀವು ಇರಬೇಕಲ್ಲ.”

“ರಾರಾವಿ ಮರಿಬಸಪ್ಪ,” ನರ್ಸ್ ಕರೆದಳು. ಒಳಗೆ ಹೋಗುವ ಬಾಗಿಲು ಯಾವುದೆಂದು ಮುದುಕಿ ನೋಡಲಿಲ್ಲ. ಗಂಡನ ಅಂಗಿಯ ತೋಳು ಹಿಡಿದು ಎದ್ದಳು.