ಒಂದ ಬಾಟ್ಲಿ ಉಳದೈತಿ

...ನಗಬ್ಯಾಡ, ಮಲ್ಲು. ನಕ್ಕರ ದವಡಿಗೆ ಕಟ್ಟಿದ ತಂತಿ ಜಗ್ಗತೈತಿ ಅಂದಾರ ಡಾಕ್ಟರ್. ಕಣ್ಣಾಗ ನಗು, ಅಷ್ಟ ಸಾಕು. ಏನು, ನಗಲಿಲ್ಲಾ? ನಂಗ ನಕ್ಕಂಗ ಕಾಣ್ತು. ಇರ್ಲಿ ಬಿಡು, ಮಾರಿ ಅಷ್ಟ ಬಾತೈತಿ, ನಗೂದು ಯಾವ್ದು ಅಳೂದು ಯಾವ್ದು ಒಂದೂ ತಿಳಿಯೂದಿಲ್ಲ.

ತಡಿ, ಖುರ್ಚಿ ಇತ್ತಾಗ ಎಳಕೊಳ್ತೇನಿ. ಇಳಕಲ್ಲಿನಿಂದ ಬಸ್ಸಿನ್ಯಾಗ ನಿಂತ ಬಂದೇನಿ, ಹುನಗುಂದ ದಾಟಿದ ಮ್ಯಾಲ ಸೀಟ ಸಿಕ್ತು. ಆ ಸಿಸ್ಟರ್ ಏನಂದ್ರು ಗೊತ್ತೈತೇನು? "ನಿಮ್ಮ ತಮ್ಮಾರು ಮಾತಾಡೂ ಹಂಗಿಲ್ಲರಿ, ನೀವ ಏನರ ಹೇಳ್ಕೋತ ಕುಂಡ್ರಿ, ಅವರ ಜೀವಕ್ಕ ಸಮಾಧಾನ ಆಗ್ತೈತಿ." ನಾ ಅಂದೆ, ಅವ ಹುಟ್ಟಿದಾಗಿಂದ ಹಂಗರಿ, ನಾ ಬಡಕೋಬೇಕು, ಅವ ಸುಮ್ನ ಕೇಳಬೇಕು. ಸಿಸ್ಟರ್ ನಕ್ಕರು. ಒಳ್ಳೆ ಹೆಣ್ಮಗಳು.

ನೋಡಿಲ್ಲಿ, ಏನ ತಂದೇನಿ. ನಿನ್ನ ಫೋನು! ಯಾಕ ಹಿಂದ ಸರೀತಿ? ನಿಂದ ಐತಿ. ಮಗ್ಗದ ಬುಡಕ ಹತ್ತಿ ಧೂಳಿನ್ಯಾಗ ಬಿದ್ದಿತ್ತು. ಚಾರ್ಜ್ ಇಲ್ಲದ ಅವತ್ತ ಸತ್ತಿದ್ದು, ಹಂಗ ಇತ್ತು. ಯಾರೂ ಮುಟ್ಟಿಲ್ಲ. ನಾ ಅಂತೂ ಮುಟ್ಟೇ ಇಲ್ಲ, ಇವತ್ತ ಮುಂಜಾನಿ ಒರಸಿ ತಂದೆ, ಅಷ್ಟ. ಗಾಜಿನ ಸಂದ್ಯಾಗ ರಕ್ತ... ರಕ್ತಲ್ಲ, ಎಣ್ಣಿ. ಮಗ್ಗದ ಎಣ್ಣಿ ಒಣಗಿ ಕುಂತಿತ್ತು. ಇಲ್ಲೇ ನಿನ್ನ ತಲಿ ಕಡೆ ಚಾರ್ಜಿಗೆ ಹಚ್ಚತೇನಿ. ಜೀವ ಬರಲಿ. ಬಂದ ಮ್ಯಾಲ ಇಬ್ರೂ ಕೂಡಿ ಆ ಉಸುಕಿನ ಆಟ ಆಡೂಣು.

ನೆನಪೈತಿಲ್ಲೋ? ಇನ್ನೂರಾ ಹದಿನಾಕನೇ ಲೆವೆಲ್ಲು. ಇಡೀ ಮಗ್ಗದ ಶೆಡ್ಡಿನ ಮಂದಿ ಅದರಾಗ ಸಿಕ್ಕೊಂಡ ಕುಂತಿತ್ತು. ಬಾಜೂ ಶೆಡ್ಡಿನ ಮುನಾಫ ಅಂತೂ ಕೈ ಮುಗದ ಬಿಟ್ಟಬಿಟ್ಟ. ಬಾಟ್ಲಿ ತುಂಬ ಬಣ್ಣಬಣ್ಣದ ಉಸುಕು, ಕೆಂಪ, ಕರೇದು, ಹಸರ, ಒಂದರ ಮ್ಯಾಲೊಂದು ಕಲಸಿ ಇಟ್ಟಿರ್ತಾನ ಆ ಆಟ ಮಾಡಿದ ಬಾಡ್ಯಾ. ಮ್ಯಾಲಿಂದಷ್ಟ ಸುರವಬೇಕು. ಕೆಂಪಿನ ಮ್ಯಾಲ ಕೆಂಪ, ಹಸರಿನ ಮ್ಯಾಲ ಹಸರ, ಇಲ್ಲಂದ್ರ ಖಾಲಿ ಬಾಟ್ಲಿಗೆ. ಖಾಲಿ ಇರೂದು ಒಂದ. ಒಮ್ಮೆ ತಪ್ಪಿದ್ರ ಎಲ್ಲಾ ಬಾಯಿ ಮುಚ್ಚಿದಂಗ, ಎಲ್ಲಿಗೂ ಸುರವಾಕ ಬರೂದಿಲ್ಲ.

ನೀ ನನಗ ಏನಂದಿದ್ದಿ? "ಅಣ್ಣಾ, ನೀ ನೇಕಾರ ಆಡಿದಂಗ ಆಡ್ತಿ. ಕೆಂಪ ಕಂಡ ಕೂಡ್ಲೆ ಸೆರಗ ಅಂತ ತಿಳಕೊಂಡ ಮದಲ ಅದನ್ನ ಒಟ್ಟ ಮಾಡಾಕ ಹೋಗ್ತಿ. ಇದು ಸೀರಿ ಅಲ್ಲ." ಹಂಗಂದು ಎಲ್ಲಾರ ಮುಂದ ನಕ್ಕಿದ್ದಿ. ನಾನೂ ನಕ್ಕೆ. ಒಳಗ ಉರೀತು. ಅವ್ವ ಸತ್ತಾಗಿಂದ ನಿನಗ ನೂಲ ಹಿಡಿಯೂದ ಕಲಿಸಿದಾಂವ ನಾನು, ನನಗ ನೀ ಕಲಸ್ತಿ! ಆದ್ರ ಖರೆ ಹೇಳಿದ್ದಿ. ಇಳಕಲ್ ಸೀರಿ ಅಂದ್ರ ಸೆರಗ, ಸೆರಗ ಅಂದ್ರ ಕೆಂಪ. ಹುಟ್ಟಿದಾಗಿಂದ ಈ ಕಣ್ಣಿಗೆ ಅದ ರೂಢಿ. ಮ್ಯಾಲ ನನ್ನ ಹಳೇ ಫೋನು, ಚಾರ್ಜ್ ಹೋತಂದ್ರ ಆಟೆಲ್ಲಾ ಅಳಸಿ ಹೋಗ್ತೈತಿ, ಮತ್ತ ಹಿಂದಿನ ಲೆವೆಲ್ಲಿನಿಂದ ಸುರು. ಹಾಡಿದ್ದ ಹಾಡು ಕಿಸಬಾಯಿ ದಾಸ ಅಂದಂಗ.

ಇರ್ಲಿ. ಮದಲ ಕೆಲಸದ ಮಾತ ಆಡೂಣು.

ಪೊಲೀಸ್ ಫೌಜದಾರ್ರು ಬಂದಾರ. ಹೂಂ, ಈಗ, ಕೆಳಗ ಡಾಕ್ಟರ್ ಕೂಡ ಮಾತಾಡಾಕತ್ತಾರ. ಮ್ಯಾಲ ಬಂದು ನಿನ್ನ ಒಂದ ಕೇಳ್ತಾರ: ಇದು ಹೆಂಗಾತು? ನಿನಗ ಬಾಯಿ ಬಿಡಾಕ ಬರೂದಿಲ್ಲ, ಬಲಗೈ ಪ್ಲಾಸ್ಟರಿನ್ಯಾಗ ಐತಿ. ಅದಕ ಅವ್ರು ಕೇಳ್ತಾರ, ನೀ ಗೋಣ ಹಾಕ್ತಿ. ಲಾಳಿ ಹಾರಿ ಬಡೀತೇನು? ಹೂಂ. ಅಣ್ಣ ಆಚಿ ಮಗ್ಗದ ಮ್ಯಾಲ ಇದ್ನೇನು? ಹೂಂ. ಅಣ್ಣಾನ ನಿನ್ನ ಎತ್ತಿಕೊಂಡ ಮುನಾಫನ ಟಂಟಂ ಗಾಡ್ಯಾಗ ಹಾಕಿದ್ನೇನು? ಹೂಂ. ಮುಗೀತು.

ಎಲ್ಲಿ, ನನ್ನ ಮುಂದ ಒಮ್ಮೆ ಹಾಕಿ ತೋರ್ಸು. ಹಾಕು ಗೋಣು. ...ಕುತ್ತಿಗಿ ನೋಯ್ತೈತಿ? ಸರಿ, ಕಣ್ಣ ಮುಚ್ಚಿ ತಗಿ, ಅದೂ ನಡೀತೈತಿ. ಹಾಂ, ಮುಚ್ಚಿದಿ. ಈಗ ತಗಿ. ಯಾಕ ತಗೀವಲ್ಲಿ? ಮಲ್ಲು. ಲೇ ಮಲ್ಲು. ನಾಟಕ ಮಾಡಬ್ಯಾಡ.

ಸುಳ್ಳ ಹೇಳಂತ ಹೇಳಾಕತ್ತಿಲ್ಲ ನಾ. ಲಾಳಿನ ಬಡದೈತಿ ನಿನಗ, ಹೌದಲ್ಲೋ? ಮಗ್ಗದಾಗ ನೂಲ ಎಳಕೊಂಡ ಓಡೂ, ಎರಡೂ ಮೂತಿಗೆ ಕಬ್ಬಿಣ ಇರೂ ಲಾಳಿ. ನಮ್ಮ ಶೆಡ್ಡಿನ ಲಕ್ಷ್ಮಪ್ಪನ ಕಣ್ಣ ಹೋತಲ್ಲ, ಹೆಂಗ ಹೋತು? ಕರೆಂಟ್ ಮ್ಯಾಲ ನಡಿಯೂ ಮಗ್ಗದಿಂದ ಲಾಳಿ ಹಾರಿ ಹೋತು. ಯಾರರ ಕೇಸ್ ಹಾಕಿದ್ರೇನು? ಮಗ್ಗದ ಮುಂದ ನಿಂತಾಂವಗ ಲಾಳಿ ಬಡಿಯೂದ, ಒಲಿ ಮುಂದ ಕುಂತಾಕಿಗೆ ಕೈ ಸುಡೂದ. ಯಾರು ಹಾರಿಸಿದ್ರು ಅಂತ ಲಾಳೀನ ಕೇಳ್ತಾರೇನು?

ಕಣ್ಣ ತಗದಿ. ಶಾಣ್ಯಾ.

ಮಹಾನಂದಾನ ಸುದ್ದಿ ನಾ ಎತ್ತೂದಿಲ್ಲ. ಖರೆ ಎತ್ತೂದಿಲ್ಲ. ನಿನಗ ವೈನಿ, ನನಗ ಹೇಣ್ತಿ. ಅಕಿ ಎಲ್ಲಿ ಹೋಗ್ಯಾಳ, ಯಾರ ಮನಿಯಾಗ ಅದಾಳ, ನಾ ಕೇಳೂದ ಇಲ್ಲ. ನಿನ್ನ ಕಣ್ಣ ಯಾಕ ಹಂಗ ಓಡ್ಯಾಡ್ತಾವ? ಕೇಳೂದಿಲ್ಲ ಅಂದೆನಲ್ಲ.

ಅವತ್ತ ಮುಂಜಾನಿ ಏನ ಅಂಥಾದ್ದ ಆಗಿತ್ತು? ರೊಟ್ಟಿ ಆರಿತ್ತು. ಯಾಕ ಆರೈತಿ ಅಂದೆ, ತಡಾ ಮಾಡಿ ಬಂದ್ರ ಆರ್ತೈತಿ ಅಂದ್ಲು. ಒಂದ ಏಟ ಹಾಕಿದೆ. ಒಂದಲ್ಲ... ಬೆಲ್ಟ ಕೈಯಾಗ ಇತ್ತು, ಎಣಿಸಿದಾಂವ ಯಾವಾಂವ? ಗಂಡ ಹೆಂಡರ ಜಗಳ ಉಂಡ ಮಲಗೂ ತನಕ ಅಂತಾರ. ನೀ ನಮಗ ಉಣ್ಣಾಕರ ಬಿಟ್ಟಿಯೇನು, ಮಲಗಾಕರ ಬಿಟ್ಟಿಯೇನು? ಹಿತ್ತಲ ಬಾಗಲದಿಂದ ಬಂದಿ, ಅಕಿ ಗಂಟ ನಿನ್ನ ಹೆಗಲ ಮ್ಯಾಲ ಹೊತ್ತಿ, ಬಸ್ ಸ್ಟ್ಯಾಂಡಿಗೆ ಕರಕೊಂಡ ಹೋದಿ. ಓಣಿ ಮಂದಿಯೆಲ್ಲಾ ನೋಡಿದ್ರು. ಅಣ್ಣನ ಹೇಣ್ತೀನ ತಮ್ಮ ಕರಕೊಂಡ ಹೊಂಟಾನ! ನಾ ಆ ಓಣ್ಯಾಗ ಹೆಂಗ ಅಡ್ಯಾಡ್ಲಿ? ಹೇಳು, ಹೆಂಗ ಅಡ್ಯಾಡ್ಲಿ?

ಬೇವೂರಿಗೆ ಹೋದೆ, ಅಕಿ ತವರಮನಿಗೆ. ಅಲ್ಲಿಲ್ಲ. ಬಾದಾಮಿಗೆ ಹೋದೆ, ಅವರಕ್ಕನ ಮನಿಗೆ. ಅಲ್ಲೂ ಇಲ್ಲ. ಆ ಅಕ್ಕ ಬಾಗಲದಾಗ ನಿಂತು, "ಇಲ್ಲಿಗ್ಯಾಕ ಬಂದಿ, ಹೆಂಗಸರ ಮ್ಯಾಲ ಕೈ ಮಾಡೂ ಗಂಡಸ?" ಅಂದ್ಲು. ಆ ಬಾಗಲಾ ಮುರೀಬೇಕಂತ ಕೈ ಎದ್ದಿತ್ತು, ತಡಕೊಂಡ ಬಸ್ ಹತ್ತಿದೆ. ಸಂಜೀಕ ಶೆಡ್ಡಿಗೆ ಬಂದ್ರ ನೀ ಏನ ಮಾಡಾಕತ್ತಿದ್ದಿ? ಮಗ್ಗಕ್ಕ ಆತುಕೊಂಡ ಕುಂತು ಆಟ ಆಡಾಕತ್ತಿದ್ದಿ. ನಾ ಸಮಾಧಾನದಿಂದ ಕೇಳಿದೆ, "ಮಹಾನಂದಾ ಎಲ್ಲದಾಳ?" ನೀ ತಲಿ ಎತ್ತಲಿಲ್ಲ. ಉಸುಕ ಸುರವಿದಿ. ಸರ್ರ್... ಮತ್ತ ಕೇಳಿದೆ. ಸರ್ರ್... ಮಂದಿ ಮನಿಗೆ ಹೋಗಿತ್ತು, ಶೆಡ್ಡೆಲ್ಲಾ ಗಪ್ಪ, ಆ ಉಸುಕ ಬೀಳೂ ಸಪ್ಪಳ ಒಂದ. ನಾ ಮನಷ್ಯಾ ಅಲ್ಲೇನು? ನನ್ನ ಸಂಸಾರ ಹಾಳಾಗಾಕತ್ತೈತಿ, ನಿಂದು ಬರೇ ಸರ್ರ್, ಸರ್ರ್...

ಏನು? ಯಾಕ ಹಂಗ ಕಣ್ಣ ಕಿಸದ ನೋಡ್ತಿ?

ಹಾಂ... ಗಪ್ಪ ಅಂದೆನೇನು? ಇಲ್ಲ, ಮಗ್ಗ ನಡದಿತ್ತು. ನಾ ಆಚಿ ಮಗ್ಗದ ಮ್ಯಾಲ ಇದ್ದೆ, ಮಗ್ಗ ನಡದಿತ್ತು, ಲಾಳಿ ಹಾರ್ತು. ಮಗ್ಗ ನಡದಾಗ ಕಿವ್ಯಾಗ ಬಾಯಿ ಇಟ್ಟ ಒದರಿದ್ರೂ ಕೇಳೂದಿಲ್ಲ, ಫೋನಿನ್ಯಾಗಿನ ಉಸುಕಿನ ಸಪ್ಪಳ ಹೆಂಗ ಕೇಳ್ತು ಅಂತಿಯೇನು? ಕರೆಂಟ್... ಕರೆಂಟ್ ಹೋಗಿ ಬರಾಕತ್ತಿತ್ತು. ಉಸುಕ ಬೀಳೂವಾಗ ಇರಲಿಲ್ಲ. ಲಾಳಿ ಹಾರೂವಾಗ ಬಂತು. ಹಂಗ. ಹಂಗ ಅನ್ನು. ಅಲ್ಲಾ, ಇದನ್ನ ಫೌಜದಾರಗ ಯಾರ ಹೇಳಾವ್ರು? ಅವ್ರೇನ ಮಗ್ಗದ ಬುಡಕ ಹುಟ್ಯಾರೇನು? ನಿನಗ ಗೊತ್ತು, ನನಗ ಗೊತ್ತು. ಮಾತ ಆಡಿದ್ರ ಹೋತು, ಮುತ್ತ ಒಡದ್ರ ಹೋತು. ನಿನಗಂತೂ ಆಡಾಕ ಬಾಯೇ ಇಲ್ಲ.

ನೋಡ್ಲಿ, ಎಲ್ಲೆಲ್ಲಿ ತಂತಿ ಹಾಕ್ಯಾರ. ಇಲ್ಲೇನು? ನಾ ಬರೇ ಬೆರಳ ಇಟ್ಟೇನಿ. ಇಲ್ಲಿ ಎಲುಬ ಎರಡ ಆಗೈತಂತ. ಇದನ್ನ ಒಂಚೂರ ಒತ್ತಿದ್ರ... ಶ್, ಶ್, ಅಳಬ್ಯಾಡ. ಸಿಸ್ಟರ್ ಬರ್ತಾರ. ಕೈ ತಗದೆ, ನೋಡು, ತಗದೆ. ನಾ ಏನೂ ಮಾಡಲಿಲ್ಲ. ನೀ ಮನಿಗೆ ಬರಬೇಕಲ್ಲ ತಮ್ಮಾ? ಬಾಯಿ ಕಟ್ಟಿಕೊಂಡ ಬರ್ತಿ. ಗಂಜಿ ಕುಡಸಾವ್ರು ಯಾರು? ನಾನ. ಅದ ಮನಿ, ಅದ ಹಾಸಗಿ, ನಾವಿಬ್ರ. ವೈನಿ ಇಲ್ಲ ನಡಕ ಬರಾಕ. ಇದನ್ನ ತಲ್ಯಾಗ ಇಟ್ಕೊಂಡ ಗೋಣ ಹಾಕು.

ಆಹಾ, ಬಂತ ನೋಡು ಫೋನಿಗೆ ಜೀವ! ಹಿಡಿ, ಎಡಗೈಯಾಗ ಹಿಡಿ. ನೀನ ಹಿಡಿ. ಅವ್ರು ಬರೂದ್ರಾಗ ಆ ಲೆವೆಲ್ ಮುಗಿಸೂಣು. ಅಣ್ಣ ತಮ್ಮ ಕೂಡಿ ಆಟ ಆಡಾಕತ್ತಾರ, ಫೌಜದಾರ್ರು ನೋಡ್ಲಿ. ನನಗ ಹೊಳದೈತಿ ಅದರ ಗುಟ್ಟು. ಖಾಲಿ ಬಾಟ್ಲಿಗೆ ಕೆಂಪ ಹಾಕಲೇಬಾರ್ದು. ಕೈ ತುರಸ್ತೈತಿ, ಕೆಂಪ ಎದ್ದ ಕಾಣ್ತೈತಿ, ಆದ್ರೂ ಹಾಕಬಾರ್ದು. ಮದಲ ಕರೇದನ್ನ ಖಾಲಿಗೆ ಸುರವಬೇಕು. ಅದರ ಬುಡಕ ಹಸರ ಐತಿ, ಹಸರ ಹಸರಿಗೆ ಹೋತು, ಅಲ್ಲಿಗೆ ಇನ್ನೊಂದ ಖಾಲಿ ಆತು. ಕೆಂಪ ಕಡೀಕ, ತಾನ ಬಂದು ಕೂಡ್ತೈತಿ. ಹೆಂಗೈತಿ? ನಿನ್ನ ಅಣ್ಣ ದಡ್ಡಲ್ಲ. ತಗಿ ಆಟ, ನಾ ಹೇಳ್ತೇನಿ, ನೀ ಸುರವು...

ಯಾಕ ನಿಂತಿ? ಒತ್ತು.

ಏನ ನೋಡ್ತಿ ಅದರಾಗ? ತೋರ್ಸು. ...ಇನ್ನೂರಾ ಹದಿನೈದು.

ಹದಿನೈದ ಹೆಂಗಾತು? ಅಳಸಿ ಹೋಗಬೇಕಾಗಿತ್ತಲ್ಲ. ಚಾರ್ಜ್ ಹೋದ್ರ ಅಳಸ್ತೈತಿ, ನನ್ನ ಫೋನಿನ್ಯಾಗ... ನಿಂದು ಹೊಸಾದು. ಇಟ್ಕೊಂಡೈತಿ.

ನೀನ ಗೆದ್ದಿರಬೇಕು. ಹೌದು, ನೀನ. ಲಾಳಿ ಬಡಿಯೂಕಿಂತಾ ಮದಲ ನೀನ ಗೆದ್ದಿ, ಮರತಿ. ...ಅಲ್ಲ ಅಂತಿ? ಆಗಳೆ ಹೂಂ ಅನ್ನಾಕ ಕುತ್ತಿಗಿ ನೋಯ್ತಿತ್ತು, ಈಗ ಅಲ್ಲ ಅನ್ನಾಕ ನೋಯೂದಿಲ್ಲೇನು? ಹಂಗ ನೋಡಬ್ಯಾಡ. ಮಲ್ಲು, ನನ್ನ ಕಡೆ ಹಂಗ ನೋಡಬ್ಯಾಡ. ಅವತ್ತೂ ಹಿಂಗ ನೋಡಿದ್ದಿ, ಕೆಳಗ ಬಿದ್ದಾಗ.

ನಿನ್ನ ಬಾಜೂನ ಕುಂತಿದ್ದೆ. ನಾ ಎಲ್ಲಿ ಹೋಗ್ಲಿ? ಲಾಳಿ ಕೈಯಾಗ ಇತ್ತು, ಮೂತಿಗೆ ನಿನ್ನ ಹಲ್ಲ ಸಿಕ್ಕಿತ್ತು. ಕೈ ಅಡ್ಡ ಹಿಡದಿ, ಕೈಯೂ ಮುರೀತು. ಕರೆಂಟ್ ಇರಲಿಲ್ಲ, ಇರಲಿಲ್ಲ, ಸಾಕೇನು? ಕತ್ತಲಿ ಆಗಾಕತ್ತಿತ್ತು, ಬೆಳಕ ಅಂದ್ರ ಆ ಫೋನಿಂದ ಒಂದ. ಬುಡಕ ಹತ್ತಿ ಧೂಳೆಲ್ಲಾ ನೆನದ ಕೆಂಪಾಗಿ... ಫೋನಿನ್ಯಾಗ ಆ ಬಾಟ್ಲಿ, ನೀ ಬಿಟ್ಟಲ್ಲೇ ನಿಂತಿದ್ವು. ಒಂದ ಖಾಲಿ ಇತ್ತು. ಫೋನ ಕೈಗೆ ತಗೊಂಡೆ. ಈ ಕೈಗೆ ಏನರ ಕೆಲಸ ಬೇಕಾಗಿತ್ತು. ಕರೇದನ್ನ ಹಾಕಿದೆ. ಹಸರ ಬಂತು. ಜಲಮದಾಗ ಮದಲ ಸಲ ಎಲ್ಲಾ ಸರಳ ಹೋಗಾಕತ್ತಿತ್ತು, ಮಲ್ಲು, ಒಂದಾದ ಮ್ಯಾಲೊಂದ ತುಂಬಾಕತ್ತಿದ್ವು, ಕಣ್ಣ ತಗಿಯಾಕ ಮನಸ ಬರಲಿಲ್ಲ. ಆಮ್ಯಾಲ ಮುನಾಫ ಬಾಗಲದಾಗ ನಿಂತು ಕೂಗಿದ. ಎತ್ತಿದಾಂವ ಅವ. ನಾ ಅಲ್ಲ.

ಮೆಟ್ಟಲ ಮ್ಯಾಲ ಬೂಟಿನ ಸಪ್ಪಳ. ಬಂದ್ರು. ಫೋನ ಇಲ್ಲಿ ಕೊಡು. ಆ ಕಡೆ ತಿರುವಬ್ಯಾಡ ಅದನ್ನ. ಬೆರಳ ತಗಿ ಆ ನಂಬರಿನ ಮ್ಯಾಲಿಂದ. ಬೈಯಿ ಬೇಕಾದ್ರ. ಉಗುಳು. ಏನರ ಒಂದ ಮಾತ ಆಡು ಮಲ್ಲು, ನಿನ್ನ ಕೈ ಮುಗೀತೇನಿ, ಹಿಂಗ ಸುಮ್ನ ಇರಬ್ಯಾಡ...

ಬರ್ರಿ ಸಾಹೇಬ್ರ. ಬರ್ರಿ. ನನ್ನ ತಮ್ಮ ಇವ, ಮಾತಾಡಾಕ ಬರೂದಿಲ್ಲರಿ ಅವಗ. ಅವತ್ತ ಮಾತಾಡಿದ್ದ ಕಡೀಕ. ನನ್ನ ಕಾಲ ಹಿಡಕೊಂಡು ನೀರ, ನೀರ ಅಂದಾರಿ. ತುಟಿ ಒಡದ ಹೋಗಿದ್ವು, ಆದ್ರೂ ನಂಗ ತಿಳೀತು. ತಡಿ ಅಂದೆರಿ ನಾ. ಒಂದ ಬಾಟ್ಲಿ ಉಳದೈತಿ, ತಡಿ ಅಂದೆ.